ಬಾತುಕೋಳಿ ಮೊಟ್ಟೆ: ಹೊಟ್ಟೆ ಕೆಡುವುದೇಕೆ?

ಶೃಂಗೇರಿಯಿಂದ ಕಾರ್ಕಳಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿರುವ ಕೆರೆಕಟ್ಟೆ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲೊಂದು. ಇಂತಹ ತೇವದ ನೆಲ ಕೋಳಿಗೆ ಒಗ್ಗುವುದು ಕಷ್ಟ. ಬಾತುಕೋಳಿಗೆ ಹೇಳಿ ಮಾಡಿಸಿದಂತಹ ಜಾಗ. ಗದ್ದೆಯ ಹುಳುಹುಪ್ಪಟೆ, ಬಸವನಹುಳು ಹೆಕ್ಕಿಕೊಂಡು ಬದುಕುವ ಈ ಹಕ್ಕಿ ಹೆಚ್ಚಿನ ಖರ್ಚಿಲ್ಲದೆ ಮೊಟ್ಟೆ ಕೊಡುತ್ತದೆ. ಆದರೆ ಅದಕ್ಕೆ ಒಗ್ಗುವ ಆ ಕೆಸರೇ, ಮೊಟ್ಟೆ ತಿಂದವರ ಹೊಟ್ಟೆ ಕೆಡಲೂ ಕಾರಣವಾಗುವುದುಂಟು.

ಬಾತುಕೋಳಿ ಮೊಟ್ಟೆ ‘ಭಾರ’ ಎಂಬ ಮಾತು ಅರ್ಧ ಸತ್ಯ. ಕೋಳಿಮೊಟ್ಟೆ ಸುಮಾರು 50 ಗ್ರಾಂ ತೂಗಿದರೆ ಇದು 70 ಗ್ರಾಂ ತೂಗುತ್ತದೆ. ನೂರು ಗ್ರಾಂನಲ್ಲಿ ಕೊಬ್ಬಿನಂಶ ಕೋಳಿಮೊಟ್ಟೆಯಲ್ಲಿ 10 ಗ್ರಾಂ, ಬಾತುಕೋಳಿಯದರಲ್ಲಿ ಸುಮಾರು 14 ಗ್ರಾಂ. ಎಣ್ಣೆಯಲ್ಲಿ ಕರಿದು ಎರಡು ಮೊಟ್ಟೆ ತಿಂದವರಿಗೆ ಹೊಟ್ಟೆಯುಬ್ಬರ, ಹುಳಿತೇಗು ಬಂದರೆ ಅಚ್ಚರಿಯಿಲ್ಲ. ಪಿತ್ತಕೋಶದಲ್ಲಿ ಕಲ್ಲು ಇರುವವರಿಗೆ ನೋವೂ ಕಾಣಿಸಿಕೊಳ್ಳಬಹುದು. ಬರಿಯ ಅಜೀರ್ಣವಾಗಿದ್ದರೆ ಜ್ವರವಿರುವುದಿಲ್ಲ, ಕೆಲವು ಗಂಟೆಗಳಲ್ಲಿ ಶಮನವಾಗುತ್ತದೆ.

ಭಯಪಡಬೇಕಾದದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ. ಇದನ್ನು ಕರುಳಿನಲ್ಲಿ ಹೊತ್ತ ಬಾತುಕೋಳಿ ನೋಡಲು ಆರೋಗ್ಯವಾಗಿಯೇ ಇರಬಹುದು. ಬಾತುಕೋಳಿಗಳು ರಾತ್ರಿಯಿಂದ ಬೆಳಗಿನ ಒಂಬತ್ತರೊಳಗೆ, ಗೂಡಿನ ಹಂಗಿಲ್ಲದೆ ಸಿಕ್ಕಲ್ಲಿ ಮೊಟ್ಟೆಯಿಡುತ್ತವೆ. ಒದ್ದೆ ಹುಲ್ಲು, ಹಿಕ್ಕೆ, ಕೆಸರಿನಲ್ಲಿ ಬಿದ್ದ ಮೊಟ್ಟೆಯ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಬ್ಯಾಕ್ಟೀರಿಯಾ ಒಳಸೇರುತ್ತದೆ. ಕೆಲವೊಮ್ಮೆ ಚಿಪ್ಪು ಕಟ್ಟುವ ಮೊದಲೇ, ಹಕ್ಕಿಯ ಅಂಡಾಶಯದಿಂದಲೇ ಸೋಂಕು ಬಂದಿರುತ್ತದೆ. ಆದ್ದರಿಂದ ಚಿಪ್ಪು ಶುಭ್ರವಾಗಿದೆ ಎಂದು ನಂಬುವಂತಿಲ್ಲ. ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆಯೂ ಮೊಟ್ಟೆ ಎಷ್ಟು ಹಳೆಯದೆಂದು ತಿಳಿಸೀತೇ ಹೊರತು ಸೋಂಕಿದೆಯೇ ಎಂದು ತಿಳಿಸದು.

2010ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಹಲವರು ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾದಾಗ ತನಿಖೆ ಬಾತುಕೋಳಿ ಮೊಟ್ಟೆಗಳತ್ತ ಬೊಟ್ಟು ಮಾಡಿತು. ಜರ್ಮನಿಯಲ್ಲಂತೂ ಕಳೆದ ಶತಮಾನದಲ್ಲಿ ಮಾರಾಟದ ಪ್ರತಿ ಬಾತುಕೋಳಿ ಮೊಟ್ಟೆಯ ಮೇಲೆ ‘ಹತ್ತು ನಿಮಿಷ ಬೇಯಿಸಿ’ ಎಂಬ ಮುದ್ರೆ ಕಾನೂನಿನಂತೆ ಕಡ್ಡಾಯವಾಗಿತ್ತು. ಮನೆಯಂಗಳದ ಮೊಟ್ಟೆಗೆ ಮುದ್ರೆ ಒತ್ತುವವರು ಯಾರು?

ಬಾತುಕೋಳಿ ಮೊಟ್ಟೆ ದೇಹಕ್ಕೆ ತಂಪು, ಮೂಲವ್ಯಾಧಿಗೆ ಮದ್ದು ಎಂಬ ನಂಬಿಕೆ ದಕ್ಷಿಣ ಭಾರತದ ಹಲವೆಡೆ ಇದೆ. ಹಸಿಯಾಗಿ ಅಥವಾ ಅರೆಬೇಯಿಸಿ ಸೇವಿಸುವವರೂ ಇದ್ದಾರೆ. ಇದು ಅಪಾಯಕರ ಪದ್ಧತಿ. ಸೋಂಕನ್ನು ಕೊಲ್ಲುವಷ್ಟು ಬಿಸಿ ತಾಗದ ಮೊಟ್ಟೆ, ಮೊದಲೇ ನೊಂದ ಕರುಳಿಗೆ ಭೇದಿಯನ್ನೂ ತಂದೀತು. ಹಸಿ ಬಿಳಿಭಾಗದಲ್ಲಿ ಪ್ರೋಟೀನ್ ಜೀರ್ಣಕ್ಕೆ ತಡೆಯೊಡ್ಡುವ ಅಂಶಗಳೂ ಇರುತ್ತವೆ.

ಮೂರನೆಯ ಕಾರಣ ಅಲರ್ಜಿ. ಕೋಳಿಮೊಟ್ಟೆ ಒಗ್ಗಿದವರಿಗೂ ಬಾತುಕೋಳಿ ಮೊಟ್ಟೆ ಒಗ್ಗದಿರುವ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪ್ರತಿಬಾರಿ ತಿಂದಾಗಲೂ ವಾಂತಿ, ತುರಿಕೆ ಕಾಣಿಸಿಕೊಂಡರೆ ಬಿಟ್ಟುಬಿಡುವುದೇ ಲೇಸು. ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹೆಸರಘಟ್ಟದ ಕೇಂದ್ರದಿಂದ ತಂದ ಖಾಕಿ ಕ್ಯಾಂಬೆಲ್ ಆಗಲಿ, ನಾಡತಳಿಯಾಗಲಿ, ಬೆಳಿಗ್ಗೆ ಒಂಬತ್ತರವರೆಗೆ ಒಣಹುಲ್ಲು ಹಾಸಿದ ಗೂಡಿನಲ್ಲಿಯೇ ಇರಿಸಿದರೆ ಮೊಟ್ಟೆ ಕೆಸರು ಸೇರುವುದಿಲ್ಲ. ಹೆಕ್ಕಿದ ಮೊಟ್ಟೆಯನ್ನು ಒಣಬಟ್ಟೆಯಿಂದ ಒರೆಸಿಡಬೇಕು. ತಣ್ಣೀರಿನಲ್ಲಿ ತೊಳೆದಿಟ್ಟರೆ ಚಿಪ್ಪಿನ ಮೇಲಿನ ಕೊಳೆ ಒಳಕ್ಕಿಳಿಯುವ ಸಂಭವವೇ ಹೆಚ್ಚು. ಬಿರುಕು ಬಿಟ್ಟದ್ದನ್ನು ಎಸೆಯುವುದು ಒಳಿತು. ನೀರು ಕುದಿಯಲಾರಂಭಿಸಿದ ಮೇಲೆ 12ರಿಂದ 15 ನಿಮಿಷ, ಹಳದಿಭಾಗ ನಡುವಿನವರೆಗೂ ಗಟ್ಟಿಯಾಗುವಂತೆ ಬೇಯಿಸಬೇಕು. ಹಸಿ ಮೊಟ್ಟೆ ಮುಟ್ಟಿದ ಕೈ, ಪಾತ್ರೆಗಳನ್ನು ಸಾಬೂನಿನಿಂದ ತೊಳೆಯುವುದನ್ನು ಮರೆಯುವವರೇ ಹೆಚ್ಚು.

ಸೋಂಕು ತಗುಲಿದರೆ ಸಾಮಾನ್ಯವಾಗಿ 6ರಿಂದ 72 ಗಂಟೆಗಳಲ್ಲಿ ಜ್ವರ, ಹೊಟ್ಟೆ ಹಿಂಡುವ ನೋವು, ಭೇದಿ ಆರಂಭವಾಗಿ, ನಾಲ್ಕರಿಂದ ಏಳು ದಿನಗಳಲ್ಲಿ ಇಳಿಯುತ್ತದೆ. ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಆಗಾಗ ಕುಡಿಸಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಮಕ್ಕಳು, ವೃದ್ಧರು, ಗರ್ಭಿಣಿಯರ ವಿಷಯದಲ್ಲಿ ಅಷ್ಟು ಕಾಯುವುದೂ ಸಲ್ಲದು. ಮರ ಬಿದ್ದು ಘಟ್ಟದ ರಸ್ತೆ ಮುಚ್ಚುವ ಮಳೆಗಾಲದಲ್ಲಿ, ಕತ್ತಲಾಗುವ ಮೊದಲೇ ಹೊರಡುವುದು ಕ್ಷೇಮ.