ಅಪ್ಪನ ಸೂಟ್‌ಕೇಸಿನಲ್ಲಿ ಬಂದ ಕ್ಯಾಮೆರಾ

ನಿಮ್ಮ ಮನೆಯ ಹಳೇ ಆಲ್ಬಮ್ ಒಂದ್ಸಲ ತೆಗೆದು ನೋಡಿ. ಅಪ್ಪ ಸೌದಿಯಲ್ಲಿದ್ದ ವರ್ಷಗಳ ಫೋಟೋಗಳಲ್ಲಿ ಹುಟ್ಟುಹಬ್ಬ ಇದೆ, ಸ್ಕೂಲ್ ಯೂನಿಫಾರ್ಮ್ ಇದೆ, ಹಿತ್ತಲಿನ ತೆಂಗಿನ ಮರ ಇದೆ. ಅಪ್ಪ ಇಲ್ಲ. ಸರಿಯಾಗಿ ನೋಡಿದ್ರೆ ಅಮ್ಮನೂ ಕಡಿಮೆ, ಯಾಕಂದ್ರೆ ಕ್ಯಾಮೆರಾ ಅವರ ಕೈಲಿತ್ತು.

ಇವತ್ತಿನ ಕಥೆ ಆ ಪುಟ್ಟ ಕ್ಯಾಮೆರಾದ್ದು. 1973ರಲ್ಲಿ ತೈಲದ ಬೆಲೆ ಏರಿತು. ಗಲ್ಫ್‌ನಲ್ಲಿ ಕೆಲಸ ಹೆಚ್ಚಿತು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರು ಹೊರಟರು. ಅದೇ ಹೊತ್ತಿಗೆ ಜಪಾನಿನಲ್ಲಿ ಕ್ಯಾಮೆರಾ ಬದಲಾಗುತ್ತಿತ್ತು. 1975ರಲ್ಲಿ ಕೋನಿಕಾ ಕಂಪನಿ ಫ್ಲ್ಯಾಶನ್ನು ಕ್ಯಾಮೆರಾದೊಳಗೇ ಕೂರಿಸಿತು. 1977ರಲ್ಲಿ ಅದರ ಸಿ35 ಎಎಫ್ ತಾನಾಗಿಯೇ ಫೋಕಸ್ ಮಾಡಿತು, ಆದರೆ ಕತ್ತಲಲ್ಲಿ ತಡವರಿಸುತ್ತಿತ್ತು. 1979ರಲ್ಲಿ ಕ್ಯಾನನ್ ಎಎಫ್35ಎಂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಟ್ಟು, ಅದು ಮರಳಿ ಬರುವುದನ್ನು ನೋಡಿ ದೂರ ಅಳೆಯಿತು. 1983ರಲ್ಲಿ ಕೊಡಾಕ್ ತಂದ ಡಿಎಕ್ಸ್ ಗುರುತಿನಿಂದ, ರೀಲಿನ ವೇಗ ಎಷ್ಟು ಅಂತ ಕ್ಯಾಮೆರಾನೇ ಓದಿಕೊಳ್ಳೋ ಹಾಗಾಯ್ತು.

ಇದರ ಅರ್ಥ ಏನು ಗೊತ್ತಾ? ಫೋಟೋ ತೆಗೆಯೋಕೆ ಕಲಿತಿರಬೇಕಿಲ್ಲ, ಒತ್ತಿದರೆ ಸಾಕು. ಭಾರತದಲ್ಲಿ ಆಗ ಆಮದಿಗೆ ಬಿಗಿ ಕಡಿವಾಣ, ಹಾಗಾಗಿ ಇಂಥದ್ದು ರಜೆಗೆ ಬಂದವರ ಬ್ಯಾಗಿನಲ್ಲೇ ಬರಬೇಕಿತ್ತು. ಅಪ್ಪ ವಾಪಸ್ ಹೋದ್ರು, ಕ್ಯಾಮೆರಾ ಉಳೀತು. ಅಮ್ಮ ತೆಗೆದ ಫೋಟೋ ಕಾಗದದ ಜೊತೆ ಸಮುದ್ರ ದಾಟಿತು. ಮಗು ದೊಡ್ಡದಾಗಿದ್ದನ್ನ ಎಷ್ಟೋ ಅಪ್ಪಂದಿರು ನೋಡಿದ್ದು ಹಾಗೇ: ಒಂದು ರೀಲಿಗೆ 36 ಸಲ.

ಈಗ ನೀವು ಅಭಾದಲ್ಲಿದ್ದೀರಿ, ಅಂಥದ್ದೇ ಒಂದು ಕೊಳ್ಳೋ ಆಸೆ ಬಂದಿದೆ ಅಂದುಕೊಳ್ಳಿ. ಊರು ಸುಮಾರು 2,200 ಮೀಟರ್ ಎತ್ತರದಲ್ಲಿದೆ; ಅಲ್-ಸೂದಾ ಬೆಟ್ಟ 3,000 ಮೀಟರಿನ ಹತ್ತಿರ. ಮಡಿಕೇರಿಯ ಹಾಗೆ ಮಂಜು ಬಂದು ರಸ್ತೆಯನ್ನೇ ನುಂಗುತ್ತದೆ. ಹೀಗಾಗಿ ಹನಿ ತಡೆಯುವ ಕ್ಯಾಮೆರಾ ಒಳ್ಳೇದು. 1997ರ ಒಲಿಂಪಸ್ ಮ್ಯೂ-2 ಅಂಥದ್ದು, ಲೆನ್ಸ್ 35 ಎಂಎಂ, ಎಫ್2.8. ಆದರೆ ಅದಕ್ಕೊಂದು ಹಠ: ಪ್ರತಿ ಸಲ ಮುಚ್ಚಳ ತೆರೆದಾಗ ಫ್ಲ್ಯಾಶ್ ಮತ್ತೆ ಆಟೋಗೆ ಬರುತ್ತೆ. ಮಂಜಿನಲ್ಲಿ ಫ್ಲ್ಯಾಶ್ ಹೊಡೆದ್ರೆ ಸಿಗೋದು ಬಿಳಿ ಗೋಡೆ. ನೆನಪಿಟ್ಟು ಆರಿಸಿ.

ಇನ್ನೊಂದು ಮಾತು. ರಿಜಾಲ್ ಅಲ್ಮಾದ ಕಲ್ಲಿನ ಮನೆಗಳನ್ನು ಕಾರಿನ ಗಾಜಿನ ಹಿಂದಿನಿಂದ ತೆಗೆಯಬೇಡಿ. ಇನ್‌ಫ್ರಾರೆಡ್ ಕಿರಣ ಗಾಜಿಗೇ ಬಡಿದು ವಾಪಸ್ ಬರಬಹುದು, ಮನೆ ಮಸುಕಾಗುತ್ತೆ. ಇಳಿದು ತೆಗೆಯಿರಿ, ಇಲ್ಲಾಂದ್ರೆ ನಿಮ್ಮ ಕ್ಯಾಮೆರಾದಲ್ಲಿ ದೂರದ ದೃಶ್ಯಕ್ಕೆ ಬಟನ್ ಇದ್ದರೆ ಅದನ್ನು ಒತ್ತಿ. ಜನರನ್ನು ಕೇಳಿಯೇ ತೆಗೆಯಿರಿ. ಸೇನೆಯ ಜಾಗಗಳ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ.

ಹಳೇದು ಕೊಳ್ಳುವಾಗ ಸೆಲ್ ಹಾಕೋ ಜಾಗದಲ್ಲಿ ತುಕ್ಕು ಇದೆಯಾ, ಹಿಂಬದಿ ಬಾಗಿಲಿನ ಸ್ಪಂಜು ಪುಡಿಯಾಗಿದೆಯಾ ನೋಡಿ. ವಿಮಾನದಲ್ಲಿ ರೀಲನ್ನು ಕೈಚೀಲದಲ್ಲೇ ಇಡಿ. ಲಗೇಜಿನ ಎಕ್ಸ್‌ರೇ ಅದನ್ನು ಹಾಳು ಮಾಡಬಲ್ಲದು. ಕೈಚೀಲಕ್ಕೂ ಸಿಟಿ ಸ್ಕ್ಯಾನರ್ ಬಂದಿರುವ ಕಡೆ, ಕೈಯಲ್ಲೇ ಪರೀಕ್ಷಿಸಿ ಅಂತ ಕೇಳಿಕೊಳ್ಳಿ.

ಆದರೆ ಕೊಳ್ಳುವ ಮೊದಲು ಅಮ್ಮನಿಗೆ ಒಂದು ಫೋನ್ ಮಾಡಿ. ಆ ಕ್ಯಾಮೆರಾ ಅಲಮಾರಿಯ ಮೇಲೆ ಇನ್ನೂ ಇದ್ದೀತು. ಕ್ಯಾಮೆರಾ ಹೋಗಿದ್ರೂ ನೆಗೆಟಿವ್ ಇದೆಯಾ ಕೇಳಿ. ಬಣ್ಣದ ಪ್ರಿಂಟು ಮಾಸುತ್ತೆ; ತಂಪಾದ, ಒಣ ಜಾಗದಲ್ಲಿಟ್ಟ ನೆಗೆಟಿವ್‌ನಿಂದ ಮತ್ತೆ ಪ್ರಿಂಟು ಹಾಕಿಸಬಹುದು. ಯಾವ ವರ್ಷ, ಯಾರು, ಯಾವ ಊರು ಅಂತ ಅವರು ಹೇಳುವಾಗಲೇ ಲಕೋಟೆ ಮೇಲೆ ಬರೆದುಕೊಳ್ಳಿ. ಜೊತೆಗೆ ಇದನ್ನೂ ಬರೆಯಿರಿ: ತೆಗೆದದ್ದು ಅಮ್ಮ.