ತಮಾಷೆ ಬಂಗಲೆಯ ಬಾಗಿಲು ಸಂಜೆ ತೆರೆದಾಗ

"ಮ್ಯೂಸಿಯಂ ಸಂಜೆ 6ರಿಂದ 8ರವರೆಗೆ ತೆರೆದಿರುತ್ತದೆ. ಪ್ರವೇಶ ಉಚಿತ. ಸಾರ್ವಜನಿಕರು ಸದುಪಯೋಗ ಪಡೆದುಕೊಳ್ಳಬೇಕು."

ಕೆಲವು ವರ್ಷಗಳ ಹಿಂದೆ ಮೇ 17ರ ರಾತ್ರಿ ನಮ್ಮ ವಾಟ್ಸಾಪ್‌ಗೆ ಬಂದ ಪ್ರಕಟಣೆ ಇದು. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ, 1977ರಿಂದ ನಡೆದುಬಂದಿದೆ. ನಾವು ನಾಲ್ಕು ಸಾಲು ಬರೆದು ಡೆಸ್ಕಿಗೆ ಕಳಿಸಿದೆವು. ಜಾಗವಿಲ್ಲದೆ ಸುದ್ದಿ ಉಳಿದುಕೊಂಡು 19ನೇ ತಾರೀಕು ಬೆಳಿಗ್ಗೆ ಅಚ್ಚಾಯಿತು. "ಇಂದು ಸಂಜೆ" ಎಂಬ ಪದ ಹಾಗೇ ಇತ್ತು. ಅವತ್ತು ಸಂಜೆ ಬೀಗ ಹಾಕಿದ ಗೇಟಿನ ಮುಂದೆ ಯಾರಾದರೂ ಬಂದು ನಿಂತಿದ್ದರೋ ಏನೋ, ಕೇಳುವ ಧೈರ್ಯ ನಮಗಾಗಲಿಲ್ಲ.

18ರ ಸಂಜೆ ಅಲ್ಲಿ ಎಷ್ಟು ಜನ ಇದ್ದರು ಎಂಬುದು ಮಾತ್ರ ಗೊತ್ತು, ನಾವೇ ಹೋಗಿದ್ದೆವು. ಕಾವಲುಗಾರರನ್ನೂ ನಮ್ಮನ್ನೂ ಬಿಟ್ಟರೆ ಐದು ಜನ. ಎಲ್ಲ ದೀಪ ಉರಿಯುತ್ತಿದ್ದವು. ಸುತ್ತಲಿನ ಊರುಗಳ ಕೆರೆ ಏರಿಯಿಂದ, ಹೊಲದ ಬದುವಿನಿಂದ ಎತ್ತಿ ತಂದ ವೀರಗಲ್ಲುಗಳು ಸಾಲಾಗಿ ನಿಂತಿದ್ದವು. ಕಲ್ಲು ಕೊಟ್ಟ ಊರಿನವರೇ ಇರಲಿಲ್ಲ. ಅವರು ಬರುವುದಾದರೂ ಹೇಗೆ? ಹಗಲು 10ರಿಂದ 5ರವರೆಗೆ ಕೂಲಿ ಇರುತ್ತದೆ, ಸಂಜೆ ಹಾಲು ಕರೆಯುವ ಹೊತ್ತು, ರಾತ್ರಿ ವಾಪಸ್ ಬರಲು ಬಸ್ಸಿಲ್ಲ.

ಈ ತೊಂದರೆ ನಮ್ಮ ಜಿಲ್ಲೆಯದ್ದು ಮಾತ್ರ ಅಂದುಕೊಂಡಿದ್ದೆವು. ಹಳೆಯ ಪುಸ್ತಕಗಳನ್ನು ತಿರುವಿದಾಗ ಇದಕ್ಕೆ ಇನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ ಎಂದು ತಿಳಿಯಿತು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆಯಿತು. ದುಡ್ಡು ಕೊಡಬೇಕಿರಲಿಲ್ಲ. ಆದರೆ ಮೊದಲೇ ಅರ್ಜಿ ಹಾಕಿ, ಹೆಸರು, ವಿಳಾಸ ಬರೆಸಿ, ಟಿಕೆಟ್ ಮಂಜೂರಾದ ಮೇಲೆ ಮತ್ತೊಂದು ದಿನ ಬರಬೇಕಿತ್ತು. ಹಗಲು ದುಡಿಯುವವನು ಒಂದು ಮನೆ ನೋಡಲು ಎರಡು ಮೂರು ದಿನದ ಕೂಲಿ ಬಿಡುತ್ತಾನೆಯೇ? ಉಚಿತ ಎಂಬ ಮಾತು ಬೋರ್ಡಿನ ಮೇಲಿತ್ತು, ಬೆಲೆ ಗಡಿಯಾರದಲ್ಲಿತ್ತು.

ಇದು ಬದಲಾದದ್ದು 1851ರ ಮಹಾ ಪ್ರದರ್ಶನದಿಂದ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ದೇಶ ದೇಶದ ಸಾಮಾನುಗಳನ್ನು ತಂದಿಟ್ಟರು. ಶುರುವಿನಲ್ಲಿ ಟಿಕೆಟ್ ದುಬಾರಿ. ಮೇ ಕೊನೆಯ ವಾರದಿಂದ ಸೋಮವಾರದಿಂದ ಗುರುವಾರದವರೆಗೆ ಒಂದು ಶಿಲಿಂಗ್‌ಗೆ ಇಳಿಸಿದರು. ಜನ ನುಗ್ಗಿದರು. ಐದೂವರೆ ತಿಂಗಳಲ್ಲಿ 60 ಲಕ್ಷ ಭೇಟಿ.

ಇಷ್ಟು ಜನ ಬಂದದ್ದು ಹೇಗೆ ಎಂಬುದೇ ನಮ್ಮಂಥ ಸುದ್ದಿಗಾರರಿಗೆ ಮುಖ್ಯ. ಕಾರ್ಮಿಕರು ಊರೂರಲ್ಲಿ ಚೀಟಿ ಹಾಕಿದಂತೆ ಕ್ಲಬ್ಬು ಕಟ್ಟಿಕೊಂಡು ವಾರಕ್ಕಿಷ್ಟು ಅಂತ ಕೂಡಿಟ್ಟರು. ಥಾಮಸ್ ಕುಕ್ ಎಂಬಾತ ಕಡಿಮೆ ದರದ ರೈಲು ಗೊತ್ತು ಮಾಡಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಲಂಡನ್ನಿಗೆ ಕರೆತಂದ. ರೈಲಿನ ಹೊತ್ತು, ದರ, ಪ್ರದರ್ಶನದ ವಿವರ ಜನರಿಗೆ ಮುಟ್ಟಲಿ ಎಂದು ಆತ ಒಂದು ಪತ್ರಿಕೆಯನ್ನೇ ಶುರು ಮಾಡಿದ. "ಪ್ರವೇಶ ಉಚಿತ" ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಹೋಗುವುದು ಹೇಗೆ, ಬರುವುದು ಹೇಗೆ ಎಂದೂ ಬರೆದ. ನಾವು ಡಿಪ್ಲೊಮಾದಲ್ಲಿ ಐದು ಡಬ್ಲ್ಯೂ, ಒಂದು ಎಚ್ ಎಂದು ಬಾಯಿಪಾಠ ಮಾಡಿದ್ದೆವು. ಆ ಎಚ್ಚನ್ನು ಮೇ 17ರ ರಾತ್ರಿ ಮರೆತೇಬಿಟ್ಟಿದ್ದೆವು.

ಪ್ರದರ್ಶನದ ಲಾಭದಲ್ಲಿ ಸೌತ್ ಕೆನ್ಸಿಂಗ್‌ಟನ್ ಎಂಬ ಕಡೆ ಜಮೀನು ಕೊಂಡರು. ಅಲ್ಲಿ 1857ರ ಜೂನ್‌ನಲ್ಲಿ ಹೊಸ ಮ್ಯೂಸಿಯಂ ಶುರುವಾಯಿತು, ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅದರ ಹಿಂದಿದ್ದವನು ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ. ಅವನ ಲೆಕ್ಕ ಸರಳ: ದುಡಿಯುವವನಿಗೆ ಬಿಡುವು ಸಿಗುವುದು ರಾತ್ರಿ, ರಾತ್ರಿ ತೆರೆದಿರುವುದು ಹೆಂಡದಂಗಡಿ ಒಂದೇ. ಹಾಗಾದರೆ ಮ್ಯೂಸಿಯಂ ಕೂಡ ರಾತ್ರಿ ತೆರೆದಿರಲಿ, ಅಲ್ಲೂ ಬೆಳಕಿರಲಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರಲಿ. ವಾರದಲ್ಲಿ ಕೆಲವು ದಿನ ಉಚಿತ, ಕೆಲವು ರಾತ್ರಿ 10ರವರೆಗೆ. ಒಳಗೇ ತಿಂಡಿ ತೀರ್ಥದ ಕೋಣೆ. ಬಡವರ ಚಟದ ಬಗ್ಗೆ ಸಾಹೇಬರು ಹೇಳುವ ಉಪದೇಶದ ವಾಸನೆ ಇದರಲ್ಲಿ ಇದ್ದೇ ಇದೆ, ಅದು ನಮಗೆ ಹಿಡಿಸಲಿಲ್ಲ. ಕೆಲಸ ಮಾತ್ರ ಮೆಚ್ಚುವಂಥದ್ದು.

ಆಗ ಕರೆಂಟ್ ಇರಲಿಲ್ಲ, ಗ್ಯಾಸ್ ದೀಪ. ಗ್ಯಾಸಿನ ಹೊಗೆಗೆ ಚಿತ್ರಪಟಗಳು ಕೆಡುತ್ತವೆ ಎಂಬ ಆತಂಕ ಎದ್ದಿತು. ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ವಿದ್ಯುತ್ತಿನ ಪಾಠದಲ್ಲಿ ನಾವೆಲ್ಲ ಓದಿದ ಮೈಕೆಲ್ ಫ್ಯಾರಡೆ ಅದರಲ್ಲಿದ್ದ. ಗಾಳಿ ಆಡುವ ವ್ಯವಸ್ಥೆ ಸರಿಯಿದ್ದರೆ ಅಪಾಯವಿಲ್ಲ ಎಂದು 1859ರಲ್ಲಿ ವರದಿ ಬಂತು. ದೊಡ್ಡಣ್ಣನಂತಿದ್ದ ಬ್ರಿಟಿಷ್ ಮ್ಯೂಸಿಯಂ ಸಂಜೆ ಬಾಗಿಲು ತೆರೆಯಲು ವಿದ್ಯುತ್ ದೀಪ ಬರುವವರೆಗೆ, ಅಂದರೆ 1890ರವರೆಗೆ ಕಾಯಿತು. ಭಾನುವಾರ ತೆರೆದದ್ದು 1896ರಲ್ಲಿ.

ಈ ಕಥೆಯಲ್ಲಿ ನಮಗೂ ಒಂದು ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಮರದ ಹುಲಿಯೊಂದನ್ನು ಹೊತ್ತೊಯ್ದರು. ಬಿಳಿಯನ ಮೇಲೆ ಬಿದ್ದಿರುವ ಹುಲಿ, ಹಿಡಿ ತಿರುಗಿಸಿದರೆ ಗರ್ಜಿಸುತ್ತದೆ, ಕೆಳಗಿರುವವನು ನರಳುತ್ತಾನೆ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ಲೈಬ್ರರಿಯಲ್ಲಿ ಓದುವವರಿಗೆ ತಲೆ ಚಿಟ್ಟು ಹಿಡಿದು ಪತ್ರಿಕೆಯಲ್ಲಿ ದೂರು ಬಂತು. 1880ರಲ್ಲಿ ಅದು ಸೌತ್ ಕೆನ್ಸಿಂಗ್‌ಟನ್ನಿಗೆ ಹೋಯಿತು, ಇವತ್ತೂ ಅಲ್ಲೇ ಇದೆ. ಲಂಡನ್ನಿನ ಗಾರೆ ಕೆಲಸದವನು ಕೆಲಸ ಮುಗಿಸಿಕೊಂಡು ಬಂದು ನೋಡಬಹುದಾಗಿದ್ದ ಹುಲಿಯನ್ನು ಶ್ರೀರಂಗಪಟ್ಟಣದ ರೈತ ಕಣ್ಣಾರೆ ಕಂಡಿಲ್ಲ.

ನಮ್ಮಲ್ಲಿ? ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ 1865ರದ್ದು. ಬೌರಿಂಗ್ ಕಮಿಷನರ್ ಆಗಿದ್ದ ಕಾಲ. ಎಡ್ವರ್ಡ್ ಬಾಲ್ಫೋರ್ ಎಂಬ ಡಾಕ್ಟರು ಬೆನ್ನು ಹತ್ತಿ ಮಾಡಿಸಿದರು. ಈಗಿನ ಕೆಂಪು ಕಟ್ಟಡ 1877ರದ್ದು, ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಅದೇ ಸ್ಯಾಂಕಿಯವರ ನಕ್ಷೆ. ಜನ ಅದನ್ನು ಕರೆದದ್ದು "ತಮಾಷೆ ಬಂಗಲೆ" ಎಂದು. ಬಾಲ್ಫೋರ್‌ಗೆ ಜನರ ನಾಡಿ ಗೊತ್ತಿತ್ತು. ಅದಕ್ಕೂ ಮೊದಲು ಮದ್ರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದಾಗ ಆವರಣದಲ್ಲಿ ಜೀವಂತ ಹುಲಿ, ಚಿರತೆ ಸಾಕಿದ್ದರು. ಹುಲಿ ನೋಡಲು ಬಂದವರು ಕಲ್ಲನ್ನೂ ನೋಡಿಕೊಂಡು ಹೋಗುತ್ತಿದ್ದರು. ಅದೇ ಮದ್ರಾಸಿನಲ್ಲಿ ಸಂಕ್ರಾಂತಿ ಮುಗಿದ ಮೇಲಿನ ಹಬ್ಬದ ದಿನ ಹಳ್ಳಿ ಜನ ಸಾವಿರಗಟ್ಟಲೆ ಮ್ಯೂಸಿಯಂಗೆ ನುಗ್ಗುತ್ತಿದ್ದರು. ಯಾವ ಪ್ರಕಟಣೆಯೂ ಬೇಕಿರಲಿಲ್ಲ, ಹಬ್ಬವೇ ಡಂಗುರ.

ಬೆಂಗಳೂರಿನ ಆ ಬಂಗಲೆಯಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿದೆ, ಕ್ರಿ.ಶ. 949ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಗಂಗರ ಬೂತುಗ "ಏನು ಬೇಕು ಕೇಳು" ಅಂದ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟು, ಪೂಜೆ ನಡೆಯಲಿ ಎಂದು ಭೂಮಿ ಬಿಟ್ಟರು. ನಾಯಿ ಹಂದಿಯ ಕಾದಾಟವನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ಮಕ್ಕಳಿಗೆ ಈ ಕಥೆ ಹೇಳಿ ನೋಡಿ, ಕಲ್ಲು ತೋರಿಸಿ ಅಂತ ಅವೇ ಹಠ ಹಿಡಿಯುತ್ತವೆ.

ಮರುವರ್ಷ ನಾವು ಬೇರೆ ದಾರಿ ಹಿಡಿದೆವು. ಮ್ಯೂಸಿಯಂನವರಿಗೆ ಹತ್ತು ದಿನ ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಪಡಿಸಿಕೊಂಡೆವು. ಪತ್ರಿಕೆಗೆ ಕಳಿಸಿದ್ದು ಆಮೇಲೆ. ಮೊದಲು ಹೋದದ್ದು ಹಾಲಿನ ಡೇರಿಗೆ. ರೇಟು, ಫ್ಯಾಟು ಬರೆಯುವ ಕರಿಹಲಗೆಯ ಮೂಲೆಯಲ್ಲಿ ಕಾರ್ಯದರ್ಶಿಯವರು ಬರೆಯಲು ಒಪ್ಪಿದರು. "ಏನಂತ ಬರೀಲಿ ಸ್ವಾಮಿ?" ಅಂದರು. "ಉಚಿತ" ಬೇಡ ಎಂದೆವು. "ನಮ್ಮೂರ ಕೆರೆ ಏರಿ ಕಲ್ಲು ಮ್ಯೂಸಿಯಂನಲ್ಲಿದೆ, ಶನಿವಾರ ಸಂಜೆ ನೋಡಬಹುದು, ವಾಪಸ್ ಬಸ್ 8.15ಕ್ಕೆ" ಎಂದು ಬರೆಸಿದೆವು. ಆ ಬಸ್ಸು ದಿನಾ 7.30ಕ್ಕೇ ಹೊರಡುವುದು. ಅದೊಂದು ದಿನ ಮುಕ್ಕಾಲು ಗಂಟೆ ತಡ ಮಾಡಿಸಲು ಡಿಪೋಗೆ ಮೂರು ಸಲ ಅಲೆದಿದ್ದೆವು.

ಆ ಶನಿವಾರ ಒಂದು ಬಸ್ಸಿನಷ್ಟು ಜನ ಬಂದರು. ಹೆಂಗಸರೇ ಹೆಚ್ಚು. ಬಸ್ಸಿಗೆ ಅವರು ದುಡ್ಡು ಕೊಡಬೇಕಿರಲಿಲ್ಲವಲ್ಲ. ಒಬ್ಬ ಅಜ್ಜಿ ಕಲ್ಲಿನ ಮುಂದೆ ಸುಮಾರು ಹೊತ್ತು ನಿಂತರು. "ಇದರ ಮ್ಯಾಲೆ ಕುಂತು ಬಟ್ಟೆ ಒಗೀತಿದ್ವಿ ಕಣಪ್ಪ, ಮಗ್ಗುಲು ಮಾಡಿ ಮಲಗಿಸಿದ್ರು" ಅಂದರು. ಯಾವ ಮಗ್ಗುಲು ಎಂದು ಕೇಳಿದ್ದಕ್ಕೆ ಸವೆದು ನುಣುಪಾದ ಎಡಗಡೆ ಅಂಚನ್ನು ಸವರಿ ತೋರಿಸಿದರು. ಕಲ್ಲಿನ ಪಕ್ಕದ ಬೋರ್ಡಿನಲ್ಲಿ ಆ ವಿಷಯ ಇಲ್ಲ. ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಮ್ಯೂಸಿಯಂನವರ ಕೈಗೆ ಕೊಟ್ಟು ಬಂದಿದ್ದೇವೆ. ಮುಂದಿನ ಸಲ ನಿಮ್ಮೂರಿನ ಕಲ್ಲು ಯಾವುದು ಎಂದು ಹೇಳಿದರೆ ನಿಮ್ಮ ಡೇರಿಗೂ ಬರುತ್ತೇವೆ.