ಲಂಡನ್ನಿನ ಗೋಡೆಗೆ ಕೋರಮಂಡಲದ ಚೀಟಿ

1663ರ ಸೆಪ್ಟೆಂಬರ್ 5ರಂದು ಲಂಡನ್ನಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಒಂದು ಖರೀದಿಯನ್ನು ಬರೆದುಕೊಂಡ. ಹೆಂಡತಿಯ ಹೊಸ ಓದುಕೋಣೆಯ ಗೋಡೆಗೆ ಹೊದಿಸಲು ಅವನೊಂದು ‘ಚಿಂಟ್’ ತಂದಿದ್ದ. ಹಾಗೆಂದರೆ ಬಣ್ಣದ ಚಿತ್ರ ಬರೆದ ಇಂಡಿಯಾದ ಹತ್ತಿಬಟ್ಟೆ ಎಂದು ಪಕ್ಕದಲ್ಲೇ ಅರ್ಥವನ್ನೂ ಕೊಟ್ಟ. ಅರ್ಥ ಹೇಳಬೇಕಾಗುವಷ್ಟು ಹೊಸ ಪದ ಅದು.

ಕನ್ನಡದ ಕಿವಿಗೆ ಅದು ಹೊಸದಲ್ಲ. ಅಚ್ಚಿನ ಹೂವಿರುವ ಹತ್ತಿಬಟ್ಟೆಯನ್ನು ಹಳಬರು ಚೀಟಿ ಬಟ್ಟೆ ಎನ್ನುತ್ತಾರೆ. ಮರಾಠಿಯಲ್ಲಿ ಅದು ಚೀಟ್, ಹಿಂದಿಯಲ್ಲಿ ಛೀಂಟ್. ಹನಿ, ಚುಕ್ಕೆ, ಚಿಮುಕಿಸುವುದು ಎಂಬ ಅರ್ಥದ ಮಾತಿನಿಂದ ಹುಟ್ಟಿದ ಪದ. ಇಂಗ್ಲಿಷರು ಇದಕ್ಕೆ ಬಹುವಚನದ ಪ್ರತ್ಯಯ ಹಚ್ಚಿದರು. ಕ್ರಮೇಣ ಅದು ಬಹುವಚನ ಎಂಬುದನ್ನೇ ಮರೆತು ‘ಚಿಂಟ್ಜ್’ ಎಂಬ ಏಕವಚನ ಮಾಡಿಕೊಂಡರು. ಕಲ್ಲಿಕೋಟೆಯ ಹೆಸರಿನಿಂದ ‘ಕ್ಯಾಲಿಕೋ’ ಬಂತು. ಮಂಚದ ಹೊದಿಕೆಯಾದ ಪಲಂಗಪೋಶ್ ಅವರ ಬಾಯಲ್ಲಿ ‘ಪಲಂಪೋರ್’ ಆಯಿತು. ಬಟ್ಟೆಯ ಜೊತೆ ಅದರ ಹೆಸರುಗಳೂ ಹಡಗು ಹತ್ತಿದವು. ಅದನ್ನು ಮಾಡಿದವರ ಹೆಸರು ಮಾತ್ರ ದಡದಲ್ಲೇ ಉಳಿಯಿತು.

ಈ ಬಟ್ಟೆಗಳಲ್ಲಿ ಅತಿ ನಯವಾದವು ಮಚಲೀಪಟ್ಟಣದಿಂದ ದಕ್ಷಿಣಕ್ಕೆ ಹಬ್ಬಿದ ಕೋರಮಂಡಲ ಕರಾವಳಿಯಲ್ಲಿ ತಯಾರಾಗುತ್ತಿದ್ದವು. ಯುರೋಪಿನವರಿಗೆ ಚಿತ್ರಕ್ಕಿಂತ ಹೆಚ್ಚು ಸೋಜಿಗವಾದದ್ದು ಬಣ್ಣ. ಒಗೆದರೂ ಹೋಗುವುದಿಲ್ಲವಲ್ಲ, ಹೇಗೆ?

ಉತ್ತರ ಕುಂಚದಲ್ಲಿರಲಿಲ್ಲ, ರಸಾಯನದಲ್ಲಿತ್ತು. ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಬರೆದ ಗೆರೆ ಹರಡದಂತೆ ತಡೆಯುತ್ತದೆ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ ತೆಗೆದ ರಸವನ್ನು ಬಿದಿರಿನ ಕಲಮಿನಿಂದ ಎಳೆದರೆ, ಅಳಲೆಯ ಒಗರು ತಾಗಿ ಗೆರೆ ಕಪ್ಪಾಗುತ್ತದೆ. ಕೆಂಪು ಬೇಕಾದಲ್ಲಿ ಬರೆಯುವುದು ಕೆಂಪನ್ನಲ್ಲ, ಪಟಿಕದ ನೀರನ್ನು. ಆಮೇಲೆ ಇಡೀ ಬಟ್ಟೆಯನ್ನು ಚಾಯ್ ಎಂಬ ಗಿಡದ ಬೇರಿನೊಂದಿಗೆ ಕುದಿಸಿದಾಗ, ಪಟಿಕ ತಾಗಿದ ಕಡೆ ಮಾತ್ರ ಕೆಂಪು ಕಚ್ಚಿಕೊಳ್ಳುತ್ತದೆ. ಉಳಿದ ಕಡೆಯದು ಒಗೆತಕ್ಕೂ ಬಿಸಿಲಿಗೂ ಬಿಟ್ಟುಹೋಗುತ್ತದೆ. ನೀಲಿಗಾಗಿ ಬೇಡದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ಬಾನಿಯಲ್ಲಿ ಅದ್ದುತ್ತಿದ್ದರು. ನೀಲಿಯ ಮೇಲೆ ಹಳದಿ ಬರೆದರೆ ಎಲೆಗೆ ಹಸಿರು. ಒಂದು ಪಲಂಗಪೋಶ್ ಹೀಗೆ ವಾರಗಟ್ಟಲೆ ನೀರು, ಬಿಸಿಲು, ಬೆಂಕಿಯ ನಡುವೆ ಓಡಾಡುತ್ತಿತ್ತು.

ವಿನ್ಯಾಸ ಯಾರದು ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. 1643ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಿಂದ ಒಂದು ಸೂಚನೆ ಬಂತು: ಕೆಂಪು ನೆಲದ ಹೊದಿಕೆಗಳು ಇಲ್ಲಿ ಅಷ್ಟಾಗಿ ಹಿಡಿಸುತ್ತಿಲ್ಲ, ಬಿಳಿ ನೆಲ ಹೆಚ್ಚಿರಲಿ, ನಡುವಿನ ಹೂವು ಕೊಂಬೆಗಳನ್ನು ಬರೆಯುವವನು ತನಗಿಷ್ಟ ಬಂದಂತೆ ಬರೆಯಲಿ. ಪಲಂಪೋರ್‌ಗಳ ಗುರುತೇ ಆಗಿಬಿಟ್ಟ ಆ ದೊಡ್ಡ ಹೂಮರ ಹೀಗೆ ಹಲವು ಕಡೆಯ ರುಚಿ ಕೂಡಿ ಬೆಳೆದದ್ದು. ಅದರ ಬುಡದಲ್ಲಿ ಪರ್ಷಿಯಾ ಇದೆ, ಬಂಡೆಗಳಲ್ಲಿ ಚೀನಾ ಇದೆ, ಬಿಳಿ ನೆಲದಲ್ಲಿ ಲಂಡನ್ನಿನ ಗಿರಾಕಿ ಇದ್ದಾನೆ. ಅದನ್ನೆಲ್ಲ ಒಂದೇ ಮರವಾಗಿ ಮಾಡಿದ ಕೈ ಕೋರಮಂಡಲದ್ದು.

ಬಟ್ಟೆ ಮನೆಮನೆಗೆ ಹೊಕ್ಕಂತೆ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರ ಅನ್ನಕ್ಕೆ ಕುತ್ತು ಬಂತು. ಫ್ರಾನ್ಸ್ 1686ರಲ್ಲೇ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ ಮೊದಲ ಕಾಯ್ದೆ 1700ರದು. 1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಯಲ್ಲಿ ಚೀಟಿ ತೊಟ್ಟ ಹೆಂಗಸರ ಮೇಲೆ ಮಸಿ, ಆಮ್ಲ ಎರಚಿದರು, ಮೈಮೇಲಿನ ಬಟ್ಟೆ ಹರಿದರು. 1721ರ ಕಾಯ್ದೆ ಉಡುಪಿಗಷ್ಟೇ ನಿಲ್ಲದೆ ಮನೆಯೊಳಗೂ ಬಂತು: ಹಾಸಿಗೆ, ಕುರ್ಚಿ, ದಿಂಬು, ಕಿಟಕಿಯ ಪರದೆ, ಯಾವುದಕ್ಕೂ ಬಣ್ಣದ ಕ್ಯಾಲಿಕೋ ಬಳಸುವಂತಿಲ್ಲ. ಲಂಡನ್ನಿಗೆ ತಂದು ಬೇರೆ ದೇಶಕ್ಕೆ ಮಾರಲು ಮಾತ್ರ ಅಡ್ಡಿಯಿರಲಿಲ್ಲ. ಪಶ್ಚಿಮ ಆಫ್ರಿಕದ ತೀರದಲ್ಲಿ ಗುಲಾಮರಿಗೆ ಬದಲಾಗಿ ಕೊಟ್ಟ ಸರಕಿನಲ್ಲಿ ಇಂಡಿಯಾದ ಹತ್ತಿಬಟ್ಟೆಯೂ ಇತ್ತು.

ಕಾನೂನಿದ್ದರೂ ಆಸೆ ಬಿಡಲಿಲ್ಲ. 1775ರಲ್ಲಿ ಹೆಸರಾಂತ ನಟ ಡೇವಿಡ್ ಗ್ಯಾರಿಕ್‌ನ ಹೆಂಡತಿಗೆ ಕಲ್ಕತ್ತೆಯಿಂದ ಬಂದ ಚೀಟಿಯ ಮಂಚದ ಪರದೆಗಳನ್ನು ಸುಂಕದವರು ಜಪ್ತಿ ಮಾಡಿದರು. ಅದನ್ನು ಬಿಡಿಸಿಕೊಳ್ಳಲು ಗ್ಯಾರಿಕ್ ಸರ್ಕಾರದಲ್ಲಿದ್ದ ಪರಿಚಯಸ್ಥರಿಗೆ ಪತ್ರ ಬರೆಯಬೇಕಾಯಿತು. ಆ ಮಂಚ, ಪರದೆಗಳು ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಮಂಚದ ಜೊತೆ ಗ್ಯಾರಿಕ್‌ನ ಹೆಸರಿದೆ. ಪರದೆಯ ಹೂಬಳ್ಳಿ ಬರೆದವರದ್ದು ಉಳಿದಿಲ್ಲ.

ಈ ನಡುವೆ, ಬಟ್ಟೆಯನ್ನು ತಡೆದ ಯುರೋಪು ಅದರ ವಿದ್ಯೆಯನ್ನು ಹುಡುಕುತ್ತಲೇ ಇತ್ತು. 1742ರಲ್ಲಿ ಗಾಸ್ತೋಂ ಲೋರಾಂ ಕೂರ್ದೂ ಎಂಬ ಫ್ರೆಂಚ್ ಜೆಸ್ವಿಟ್ ಪಾದ್ರಿ ಕೋರಮಂಡಲದಿಂದ ಪ್ಯಾರಿಸ್ಸಿಗೆ ಒಂದು ಉದ್ದನೆಯ ಪತ್ರ ಬರೆದ. ಹಾಲು, ಅಳಲೆ, ಪಟಿಕ, ಬೇರು, ಮೇಣ, ಯಾವುದರ ನಂತರ ಯಾವುದು, ಎಲ್ಲವೂ ಅದರಲ್ಲಿತ್ತು. ಅವನು ತಿಳಿದುಕೊಂಡದ್ದು ಕ್ರೈಸ್ತರಾಗಿದ್ದ ಬಣ್ಣಗಾರರನ್ನು ಕೇಳಿ. ಕುಲದ ಗುಟ್ಟನ್ನು ಅವರು ತಮ್ಮ ಪಾದ್ರಿಗೆ ಹೇಳಿದರು. ಪಾದ್ರಿ ಅದನ್ನು ಅಚ್ಚಿಗೆ ಕೊಟ್ಟ. ಭಾಷೆಯ ಚರಿತ್ರೆ ಓದಿದವರಿಗೆ ಇದೇ ಕೂರ್ದೂ ಬೇರೆ ಕಾರಣಕ್ಕೆ ಪರಿಚಿತ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ನಂಟಿದೆ ಎಂದು, ವಿಲಿಯಂ ಜೋನ್ಸ್‌ನ 1786ರ ಭಾಷಣಕ್ಕೆ ಸುಮಾರು ಎರಡು ದಶಕ ಮೊದಲೇ, 1767ರಲ್ಲಿ ಫ್ರಾನ್ಸಿನ ಅಕಾಡೆಮಿಗೆ ಬರೆದವನು ಅವನು. ಅದು ಅಚ್ಚಾಗಲು 1808 ಬಂತು. ಅಷ್ಟರಲ್ಲಿ ಕೀರ್ತಿ ಜೋನ್ಸ್‌ಗೆ ಸಂದಿತ್ತು. ತನ್ನ ಹೆಸರು ಹೀಗೆ ಮರೆಯಾದದ್ದಕ್ಕೆ ಕೂರ್ದೂ ಬಗ್ಗೆ ವಿದ್ವಾಂಸರು ಮರುಗಿದ್ದುಂಟು. ಅವನಿಗೆ ಬಣ್ಣದ ಪಾಠ ಹೇಳಿದವರ ಹೆಸರು ಹಾಗೆ ಮರುಗುವುದಕ್ಕೂ ಸಿಗುವುದಿಲ್ಲ.

ಒಂದೇ ಪತ್ರದಿಂದ ಯುರೋಪಿನ ಕಾರ್ಖಾನೆಗಳು ಹುಟ್ಟಲಿಲ್ಲ. ಅಲ್ಲಿನವರು ತಮ್ಮದೇ ಮ್ಯಾಡರ್ ಬೇರಿನಿಂದ ಕೆಂಪು ತೆಗೆಯುವುದನ್ನು ಆಗಲೇ ಪಳಗಿಸಿಕೊಳ್ಳುತ್ತಿದ್ದರು. ಫ್ರಾನ್ಸಿನ ನಿಷೇಧ 1759ರಲ್ಲಿ ತೆರವಾಯಿತು. ಮರುವರ್ಷವೇ ಒಬರ್‌ಕಾಂಫ್ ಎಂಬಾತ ಝೂಯ್ ಊರಿನಲ್ಲಿ ಅಚ್ಚಿನ ಕಾರ್ಖಾನೆ ತೆರೆದ. 1783ರಲ್ಲಿ ಥಾಮಸ್ ಬೆಲ್ ಕೆತ್ತಿದ ತಾಮ್ರದ ಉರುಳೆಯಿಂದ ಅಚ್ಚು ಹಾಕುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದಿನ ಶತಮಾನದಲ್ಲಿ ಬ್ರಿಟಿಷ್ ಗಿರಣಿಯ ಚೀಟಿ ಕೋರಮಂಡಲದ ಪೇಟೆಗೇ ಬಂದು ಬಿತ್ತು. ಬಟ್ಟೆ ಅಗ್ಗವಾದಂತೆ ಇಂಗ್ಲಿಷಿನಲ್ಲಿ ಪದವೂ ಅಗ್ಗವಾಯಿತು: ‘ಚಿಂಟ್ಜಿ’ ಎಂದರೆ ಸೋವಿಯ, ಅಭಿರುಚಿಯಿಲ್ಲದ ಎಂದಾಯಿತು. 1996ರಲ್ಲಿ ಐಕಿಯಾ ಕಂಪನಿ ಚಿಂಟ್ಜನ್ನು ಮನೆಯಿಂದಾಚೆ ಎಸೆಯಿರಿ ಎಂದು ಬ್ರಿಟಿಷರಿಗೆ ಜಾಹೀರಾತಿನಲ್ಲೇ ಕರೆಕೊಟ್ಟಿತು.

ಇತ್ತ, ಕೈಯಲ್ಲಿ ಬರೆಯುವವರು ಬೆರಳೆಣಿಕೆಯಷ್ಟಾಗಿದ್ದ ಕಾಲದಲ್ಲಿ ನೆರವಿಗೆ ಬಂದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಅವರ ಒತ್ತಾಸೆಯಿಂದ ಆ ದಶಕದಲ್ಲೇ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಕಲಿಸುವ ಕೇಂದ್ರ ಆರಂಭವಾಯಿತು. ದೇವಸ್ಥಾನಕ್ಕಾಗಿ ಪುರಾಣದ ಕತೆಗಳನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದ ಊರು ಅದು. ಅಲ್ಲಿನ ಜೊನ್ನಲಗಡ್ಡ ಗುರಪ್ಪ ಚೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಬಂತು. ಈ ಕಸುಬಿನಲ್ಲಿ ಬರೆಯುವವರ ಹೆಸರು ಹೊರಗಿನ ಲೋಕಕ್ಕೆ ಗೊತ್ತಾಗತೊಡಗಿದ್ದು ತೀರ ಈಚೆಗೆ. ಮಚಲೀಪಟ್ಟಣದ ಬಳಿಯ ಪೆಡನದಲ್ಲಿ ಮರದ ಅಚ್ಚಿನ ಕಲಂಕಾರಿ ಉಳಿದುಕೊಂಡಿದೆ.

ಇಂದು ಹೈದರಾಬಾದಿನಲ್ಲೋ ಪುಣೆಯಲ್ಲೋ ದಿವಾನಿನ ಹಾಸು, ಕಿಟಕಿಯ ಪರದೆ, ದಿಂಬಿನ ಕವರು ಕೊಳ್ಳಲು ಹೋದವರಿಗೆ ಕಲಂಕಾರಿ ಹೆಸರಿನಲ್ಲಿ ಮೂರು ಬಗೆಯ ಬಟ್ಟೆ ಸಿಗುತ್ತದೆ: ಕಲಮಿನದು, ಮರದಚ್ಚಿನದು, ಯಂತ್ರದ ಪ್ರಿಂಟು. ಕಲಮಿನ ಗೆರೆ ಒಂದೇ ದಪ್ಪವಿರುವುದಿಲ್ಲ; ಒಂದು ಹೂವು ಇನ್ನೊಂದರ ತದ್ರೂಪವಲ್ಲ; ಹೊಸ ಬಟ್ಟೆಯನ್ನು ಮೂಸಿದರೆ ಹಾಲಿನ ಕಮಟು ವಾಸನೆ ಇನ್ನೂ ಇರಬಹುದು. ಪ್ರಿಂಟು ಕೊಂಡರೆ ತಪ್ಪೇನಿಲ್ಲ, ಕೈಕೆಲಸದ ಬೆಲೆ ಎಲ್ಲರ ಕೈಗೆಟುಕುವುದಿಲ್ಲ. ಆದರೆ ಕಲಮಿನದೆಂದೇ ಹೆಚ್ಚು ಬೆಲೆ ಹೇಳಿದಾಗ, ಇದನ್ನು ಬರೆದವರು ಯಾರು ಎಂದು ಅಂಗಡಿಯವರನ್ನು ಕೇಳಬಹುದು. ಪೀಪ್ಸ್‌ಗೆ ಆ ಪ್ರಶ್ನೆ ಕೇಳಿ ಉತ್ತರ ಪಡೆಯುವ ದಾರಿಯಿರಲಿಲ್ಲ. ಈಗ ಇದೆ.